ಅಡಿಗೆಮನೆಯ ಮುಂದಿನ ಕಟಕಟೆ

ಔರಾದ ಕಡೆಯ ನಮ್ಮ ಹಳ್ಳಿಯಲ್ಲಿ ಹಳೆಯ ಚರ್ಚನ್ನು ಕೆಡವಿದಾಗ ಯಾರೂ ಅಳಲಿಲ್ಲ. ಗೋಡೆ ಬಿರುಕು ಬಿಟ್ಟಿತ್ತು, ಹಬ್ಬದ ದಿನ ಅರ್ಧ ಜನ ಹೊರಗೆ ಬಿಸಿಲಿನಲ್ಲಿ ನಿಲ್ಲುತ್ತಿದ್ದರು, ಪಕ್ಕದಲ್ಲೇ ದೊಡ್ಡ ಹೊಸ ಚರ್ಚು ಎದ್ದು ನಿಂತಿತ್ತು. ಹಳೆಯ ಸಾಮಾನಿಗೆ ಮಾತ್ರ ದಿಕ್ಕಿರಲಿಲ್ಲ. ಪೂಜೆಗೆ ಬಳಸಿದ ಕಟ್ಟಿಗೆಯನ್ನು ಒಲೆಗೆ ಹಾಕುವಂತಿಲ್ಲ, ಗುಜರಿಗೆ ಕೊಡಲು ಯಾರಿಗೂ ಮನಸ್ಸಿಲ್ಲ. ಆಗ ನಾವು ಬೀದರಿನಲ್ಲಿ ಮನೆ ಕಟ್ಟಿಸುತ್ತಿದ್ದೆವು. “ನಮಗ ಕೊಡ್ರಿ, ಜ್ವಾಪಾನ ಮಾಡ್ತೇವಿ” ಎಂದು ಫಾದರ್ ಅವರನ್ನು ಕೇಳಿದೆ. ಅವರಿಗೂ ತಲೆನೋವು ತಪ್ಪಿತು.

ಹಾಗೆ ನಮ್ಮ ಮನೆಗೆ ಬಂದದ್ದು ಒಂದು ಬೆಂಚು, ಗೋಡೆಯ ಶಿಲುಬೆ, ಮತ್ತು ಸಾಗವಾನಿಯ ಕಟಕಟೆ. ಬಲಿಪೀಠದ ಮುಂದೆ ಆ ಗೋಡೆಯಿಂದ ಈ ಗೋಡೆಯವರೆಗೆ ಇದ್ದ ಕಟಕಟೆ ಅದು. ಜನ ಅದರ ಮುಂದೆ ಸಾಲಾಗಿ ಮಂಡಿಯೂರಿ ಪರಮಪ್ರಸಾದ ತೆಗೆದುಕೊಳ್ಳುತ್ತಿದ್ದರು. ಫಾದರ್ ಓಡಾಡಲು ನಡುವೆ ಒಂದು ದಾರಿ. ನಾನು ಮಿಸ್ತ್ರಿಗೆ ಹೇಳಿ ಅದನ್ನು ಹಾಲಿಗೂ ಅಡಿಗೆಮನೆಗೂ ನಡುವೆ ಕೂಡಿಸಿದೆ. ಪಾಲಿಶ್ ಆದ ಮೇಲೆ ಕಣ್ಣು ಕುಕ್ಕುವಂತಿತ್ತು. ನೋಡಿದವರೆಲ್ಲ ಹೊಗಳಿದರು, ನಾನೂ ಉಬ್ಬಿದೆ.

ಗೃಹಪ್ರವೇಶದ ದಿನ ನಮ್ಮ ಅತ್ತೆ ಹಾಲಿನವರೆಗೆ ಬಂದರು. ಕಟಕಟೆಯ ಹತ್ತಿರ ನಿಂತರು. ಅಲ್ಲಿಂದ ಮುಂದೆ ಬರಲಿಲ್ಲ.

“ಒಳಗ ಬರ್ರಿ ಅತ್ತಿ, ಹಾಲು ಉಕ್ಕಿಸ್ಬೇಕು” ಎಂದೆ.

“ಇದನ್ನ ನಾ ದಾಟಲ್ಲವ್ವಾ” ಎಂದರು.

ಹಳ್ಳಿಯಲ್ಲಿ ಚರ್ಚಿನ ಕಸ ಗುಡಿಸುತ್ತಿದ್ದವರು ಅವರೇ. ಆದರೆ ಕಟಕಟೆಯ ತನಕ ಮಾತ್ರ. ಅದರಾಚೆಯ ಪೀಠದ ಕಡೆ ಗುಡಿಸುವುದು ಫಾದರ್‌ಗೆ ನೆರವಾಗುವ ಉಪದೇಶಿಯ ಕೆಲಸ. ಹೆಂಗಸರು ಅತ್ತ ಹೋಗುತ್ತಿರಲಿಲ್ಲ. ಅದು ಎಲ್ಲಿಯೂ ಬರೆದಿಟ್ಟ ನಿಯಮವಲ್ಲ, ನಮ್ಮ ಕಡೆಯ ರೂಢಿ. ಆಶೀರ್ವಾದಕ್ಕೆ ಬಂದ ಫಾದರ್ ಕೂಡ ಹೇಳಿ ನೋಡಿದರು: “ಅವ್ವಾ, ಇದು ಈಗ ಬರೇ ಕಟ್ಟಿಗಿ. ನೀವು ದಾಟಬಹುದು.” ಅತ್ತೆ ಅವರ ಕೈಗೆ ಮುತ್ತಿಟ್ಟರು, ಹೂಂ ಅಂದರು, ಹೋಗಿ ಬೆಂಚಿನ ಮೇಲೆ ಕುಳಿತರು. ಹಟ ಅಂದರೆ ಅದು.

ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಎನ್ನುತ್ತಾರಲ್ಲ, ನನ್ನ ಕಾಲ ಬಂತು ಎಂದುಕೊಂಡೆ. ಮದುವೆಯಾದಂದಿನಿಂದ ನನ್ನ ಒಗ್ಗರಣೆಗೆ ಅವರದೊಂದು ಮಾತು ಇದ್ದೇ ಇರುತ್ತಿತ್ತು. ಈಗ ಅಡಿಗೆಮನೆ ಇಡಿಯಾಗಿ ನನ್ನದು. ಅವರು ಹಾಲಿನಲ್ಲಿ ಕುಳಿತು ಪುಂಡಿಪಲ್ಯದ ಸೊಪ್ಪು ಸೋಸಿ ಕಟಕಟೆಯ ಮೇಲಿಂದ ಕೊಡುತ್ತಿದ್ದರು, ನಾನು ಇಸಿದುಕೊಳ್ಳುತ್ತಿದ್ದೆ. ಮೊದಮೊದಲು ಅಲ್ಲಿಂದಲೇ “ಖಾರ ಹೆಚ್ಚಾಗ್ಯಾದ, ವಾಸನಿ ಬರ್ಲತದ” ಎನ್ನುತ್ತಿದ್ದರು. ಬರಬರುತ್ತ ಅದೂ ನಿಂತಿತು. ಏನು ಮಾಡಲಿ ಎಂದು ಕೇಳಿದರೆ “ನಿನ್ನ ಮನಿ, ನಿನಗ ತಿಳಿದಂಗ ಮಾಡು” ಎನ್ನುವರು. ಬೈದಿದ್ದರೆ ಚೆನ್ನಾಗಿತ್ತು. ‘ನಿನ್ನ ಮನಿ’ ಅಂದದ್ದು ನನಗೆ ನಾಟಿತು. ಬೀದರಿಗೆ ಬಂದು ಅವರು ನೆಂಟರಂತಾಗಿದ್ದರು, ಅದು ನನಗೆ ಬೇಕಿರಲಿಲ್ಲ.

ಒಂದು ಭಾನುವಾರ ಮಧ್ಯಾಹ್ನ. ಭಾಲ್ಕಿಯ ಶಾಲೆಯಲ್ಲಿ ಪಾಠ ಮಾಡುವ ನಮ್ಮವರಿಗೆ ಅಂದು ರಜೆ, ಒಳಗೆ ಕುಳಿತು ಉಣ್ಣುತ್ತಿದ್ದರು. ನಾನು ಹಂಚಿನಿಂದ ತೆಗೆದ ಬಿಸಿ ರೊಟ್ಟಿಯನ್ನು ಕಟಕಟೆಯ ಮೇಲಿಂದ ಅತ್ತೆಗೆ ಚಾಚಿದೆ. ಅವರು ಬಲಗೈ ಮೇಲೆ ಎಡಗೈ ಇಟ್ಟು, ಎರಡೂ ಅಂಗೈ ಮುಂದೆ ಮಾಡಿ, ತಲೆ ತಗ್ಗಿಸಿದರು. ಬೇಕೆಂದು ಮಾಡಿದ್ದಲ್ಲ. ಆ ಕಟಕಟೆಯ ಮುಂದೆ ಜನ್ಮವಿಡೀ ಹಾಗೆ ಪ್ರಸಾದಕ್ಕೆ ಕೈಯೊಡ್ಡಿ ಅವರಿಗೆ ರೂಢಿಯಾಗಿತ್ತು.

ಫಾದರ್ ನಿಲ್ಲುವ ಜಾಗದಲ್ಲಿ ನಾನು ಹಿಟ್ಟಿನ ಕೈಯಲ್ಲಿ ನಿಂತಿದ್ದೆ, ನನ್ನ ಅತ್ತೆ ನನ್ನ ಮುಂದೆ ತಲೆ ತಗ್ಗಿಸಿದ್ದರು. ರೊಟ್ಟಿಯನ್ನು ಅವರ ಅಂಗೈಯಲ್ಲಿಟ್ಟು ಒಲೆಯ ಕಡೆ ತಿರುಗಿಕೊಂಡೆ.

ಮರುದಿನ ಮಿಸ್ತ್ರಿಯನ್ನು ಕರೆಸಿದೆ. ತಾನೇ ಪಾಲಿಶ್ ಮಾಡಿದ್ದನ್ನು ಬಿಚ್ಚಲು ಅವನಿಗೆ ಸಿಟ್ಟು. “ಅಮ್ಮಾ, ಏಟು ಛಂದ ಕುಂತದ, ಯಾಕ ತೆಗೀತೀರಿ?” ಎಂದ.

“ನಮ್ಮ ಅತ್ತಿ ಒಳಗ ಬರ್ಬೇಕಪಾ” ಎಂದೆ. ಅವನು ಸ್ಕ್ರೂ ಬಿಚ್ಚತೊಡಗಿದ.

ಹಾಲಿನ ಮೂಡಣ ಗೋಡೆಗೆ ಶಿಲುಬೆ ಇತ್ತು. ಅದರ ಕೆಳಗೆ, ಗೋಡೆಗೆ ಒಂದು ಗೇಣು ಬಿಟ್ಟು ಕಟಕಟೆಯನ್ನು ನಿಲ್ಲಿಸಿದೆವು. ಅದರಾಚೆ ಹೋಗುವವರು ಯಾರೂ ಇಲ್ಲ, ಹೋಗಲು ಜಾಗವೂ ಇಲ್ಲ. ಅತ್ತೆ ಬೆಂಚಿನ ಮೇಲೆ ಕುಳಿತು ಎಲ್ಲ ನೋಡಿದರು. ಮಿಸ್ತ್ರಿ ಹೋದ ಮೇಲೆ ಎದ್ದು, ಕಟಕಟೆಯನ್ನು ಹಿಡಿದು ಮೆಲ್ಲಗೆ ಮಂಡಿಯೂರಿದರು, ಒಂದು ಪ್ರಾರ್ಥನೆ ಹೇಳಿದರು. ನಾನು ಚಹಕ್ಕಿಟ್ಟು ಕಾಯುತ್ತಿದ್ದೆ.

ಆಮೇಲೆ ಅವರು ನೇರ ಅಡಿಗೆಮನೆಗೆ ಬಂದರು. ಸುತ್ತ ನೋಡಿದರು. ಉಪ್ಪಿನ ಡಬ್ಬಿ ಎತ್ತಿ ಬೇರೆ ಕಡೆ ಇಟ್ಟರು. ಹಿಟ್ಟಿನ ಬುಟ್ಟಿ ಒಲೆಯ ಎಡಕ್ಕೆ ಸರಿಸಿದರು.

“ಸರಿ ಅತ್ಲಾಗ” ಎಂದರು. “ಇಷ್ಟು ದಿನ ನಿನ್ನ ರೊಟ್ಟಿ ತಿಂದು ನನ್ನ ನಾಲಗಿ ಸತ್ತು ಹೋಗ್ಯಾದ. ನಮ್ಮ ಮನ್ಯಾಗ ಇಷ್ಟು ದಪ್ಪ ಬಡೀತಾರೇನು?”

ನಾನು ಸರಿದು ನಿಂತೆ. ಅವರು ‘ನಮ್ಮ ಮನಿ’ ಅಂದಿದ್ದರು.