ವಿಡಿಯೊದಲ್ಲಿರುವ ಕೈ

ನಾಡಿನ ಅರ್ಧ ಜನ ನನ್ನ ಬಲಗೈಯನ್ನು ನೋಡಿದ್ದಾರೆ, ಮುಖವನ್ನು ಯಾರೂ ನೋಡಿಲ್ಲ. ಕನ್ನಡದ ಪಾಪ್ ಹಾಡಿಗೆ ಹೊಸ ದಾರಿ ತೋರಿಸಿತು ಎಂದು ಎಲ್ಲರೂ ಹೊಗಳುವ ಆ ವಿಡಿಯೊದಲ್ಲಿ ಗಾಯಕಿಯದು ಪೀಣ್ಯದ ಕಾರ್ಖಾನೆ ಹೆಂಗಸಿನ ವೇಷ. ನೀಲಿ ಅಂಗಿ, ಕೆನ್ನೆಯ ಮೇಲೆ ಗ್ರೀಸ್, ಒಂದು ಕೈ ಸೊಂಟದ ಮೇಲೆ. ಇನ್ನೊಂದು ಕೈ ತಾಳಕ್ಕೆ ಸರಿಯಾಗಿ ಪವರ್ ಪ್ರೆಸ್ಸಿನ ಬಾಯೊಳಗೆ ತಗಡು ಇಟ್ಟು ಹೊರಗೆ ಬರುತ್ತದೆ. ಬಂದ ಮರುಕ್ಷಣ ಮೇಲಿನ ಕಬ್ಬಿಣ ಧಡ್ ಎಂದು ಬೀಳುತ್ತದೆ. ಹತ್ತಿರದಿಂದ ತೋರಿಸುವ ಆ ಕೈ ನನ್ನದು.

ಚಿತ್ರೀಕರಣ ನಡೆದದ್ದು ನಮ್ಮ ಶೆಡ್ಡಿನಲ್ಲೇ, ಆಯುಧಪೂಜೆಯ ಮರುದಿನ. ನಮ್ಮ ಮಾಲೀಕರು ಇಲ್ಲಿಯದೇ ರೈತ ಮನೆತನದವರು, ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಶೆಡ್ ಕಟ್ಟಿದವರು. ಪೂಜೆಯಾದ ಯಂತ್ರಕ್ಕೆ ಮೂರನೆಯ ದಿನದವರೆಗೆ ಸ್ವಿಚ್ ಹಾಕಬಾರದು ಎಂಬುದು ಅವರ ಮನೆಯ ಪದ್ಧತಿ. ನಿರ್ದೇಶಕ ಎಷ್ಟು ಗೋಗರೆದರೂ ಅವರು ಜಗ್ಗಲಿಲ್ಲ. "ಅದೆಲ್ಲ ಆಗಾಕಿಲ್ಲ ಸಾರ್. ಪೂಜೆ ಆಗೈತೆ, ಮಿಷಿನ್ ಮಲಗೈತೆ. ಇಂಗೇ ತೆಕ್ಕಳಿ," ಎಂದುಬಿಟ್ಟರು.

ಹಾಗಾಗಿ ಸತ್ತ ಯಂತ್ರವನ್ನೇ ಚಿತ್ರೀಕರಿಸಿದರು. ಚಿತ್ರತಂಡದ ಇಬ್ಬರು ಗಂಡಸರು ಹಿಂದೆ ನಿಂತು ಪ್ರೆಸ್ಸಿನ ದೊಡ್ಡ ಚಕ್ರವನ್ನು ಕೈಯಿಂದ ನಿಧಾನವಾಗಿ ತಿರುಗಿಸಿದರು. ಆಮೇಲೆ ಸ್ಟುಡಿಯೊದಲ್ಲಿ ವೇಗ ಹೆಚ್ಚಿಸಿ ಸದ್ದು ಸೇರಿಸಿದರು. ಗಾಯಕಿಯ ಮುಖಕ್ಕೆ ಅಡ್ಡ ಬರುತ್ತದೆಂದು ಬೆರಳು ಕಾಯುವ ಜಾಲರಿಯನ್ನೂ ಬಿಚ್ಚಿಸಿದರು. ಗಾಯಕಿಯ ಉದ್ದನೆಯ ಉಗುರಿಗೆ ತಗಡು ನಿಲ್ಲಲಿಲ್ಲವಾದ್ದರಿಂದ, ಹಬ್ಬದ ರಜೆಗೆ ಊರಿಗೆ ಹೋಗದೆ ಉಳಿದಿದ್ದ ಒಬ್ಬಳೇ ಕೆಲಸದವಳಾದ ನನ್ನನ್ನು ಕರೆದರು. ಮೇಕಪ್ಪಿನವಳು ಅವಳ ಕೆನ್ನೆಗೆ ಕಪ್ಪು ಬಳಿದು, ಅದೇ ಉಸಿರಿನಲ್ಲಿ ನನ್ನ ಉಗುರಿನ ಕಪ್ಪನ್ನು ಬ್ರಷ್ ಹಾಕಿ ಉಜ್ಜಿದಳು. ನನ್ನದು ಅಸಲಿ ಗ್ರೀಸ್ ನೋಡಿ, ಅದಕ್ಕೇ ಬೇಡವಾಯಿತು! ಕೊನೆಗೆ ಒಂದು ಕಾಗದಕ್ಕೆ ಸಹಿ ಹಾಕಿಸಿಕೊಂಡರು. ಕೈ ಯಾರದೆಂದು ನಾನು ಎಲ್ಲೂ ಬಾಯಿಬಿಡಬಾರದು, ಬಿಟ್ಟರೆ ಕೋರ್ಟಿಗೆ ಹೋಗಬೇಕಾಗುತ್ತದೆ ಎಂದರು. ಕೋರ್ಟ್ ಎಂದರೆ ನನಗೆ ಭಯ.

ವಿಡಿಯೊ ಬಂದ ಮೇಲೆ ಗಾಯಕಿ ಸಂದರ್ಶನಗಳಲ್ಲಿ ತಾನೇ ವಾರಗಟ್ಟಲೆ ಪ್ರೆಸ್ ಕಲಿತೆ ಎಂದಳು. ನಕ್ಕುಬಿಟ್ಟೆ. ಸುಳ್ಳು ಹೇಳಬಾರದು, ಮೊದಲ ಸಲ ನೋಡಿದಾಗ ನನ್ನ ಕಣ್ಣಲ್ಲಿ ನೀರು ಬಂದಿತ್ತು. ತಗಡು ಕತ್ತರಿಸುವ ಹೆಂಗಸನ್ನು ಯಾರಾದರೂ ಅಷ್ಟು ಚೆಂದ ತೋರಿಸಿದ್ದರೇ? ನನ್ನ ಪಕ್ಕದ ಪ್ರೆಸ್ಸಿನವಳಂತೂ ಹುಚ್ಚಳಾಗಿಬಿಟ್ಟಳು. ಅವಳೂ ನಾನೂ ನಾಗಸಂದ್ರದಲ್ಲಿ ಆರು ವರ್ಷದಿಂದ ಒಂದೇ ಕೋಣೆಯಲ್ಲಿದ್ದೇವೆ. ಗಾಯಕಿಯ ಹಾಗೆ ಜುಟ್ಟು ಕಟ್ಟಿದಳು, ಅವಳ ಹಾಗೆ ಎದೆಯೆತ್ತಿ ನಡೆದಳು. "ಇಷ್ಟು ದಿನ ಬಸ್ಸಲ್ಲಿ ಯೂನಿಫಾರ್ಮ್ ಮುಚ್ಕೊಂಡು ಕೂತ್ಕೋತಿದ್ದೆ ಕಣೇ. ಈಗ ಮುಚ್ಕೊಳಲ್ಲ," ಎಂದಳು. ಆ ಸಂತೋಷಕ್ಕೆ ನಾನೇಕೆ ಕಲ್ಲು ಹಾಕಲಿ ಎಂದುಕೊಂಡೆ. ಹೀಗೆ ಎಂಟು ತಿಂಗಳು ಬಾಯಿ ಮುಚ್ಚಿಕೊಂಡಿದ್ದೆ.

ಒಂದು ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋಗಿದ್ದರು. ಮರೆತ ನೀರಿನ ಬಾಟಲಿಗಾಗಿ ನಾನು ಒಳಗೆ ಬಂದೆ. ನನ್ನ ಕೋಣೆಯ ಗೆಳತಿ ಒಬ್ಬಳೇ ಅಲ್ಲಿದ್ದಳು, ಅವಳ ಪ್ರೆಸ್ಸಿನ ಚಕ್ರ ಗುಂಯ್ಗುಡುತ್ತಾ ತಿರುಗುತ್ತಿತ್ತು. ಜಾಲರಿ ಬಿಚ್ಚಿ ನೆಲದ ಮೇಲಿಟ್ಟಿದ್ದಳು. ಫೋನನ್ನು ಟೂಲ್ ಬಾಕ್ಸಿಗೆ ಒರಗಿಸಿದ್ದಳು, ಅದರಿಂದ ಅದೇ ಹಾಡು ಬರುತ್ತಿತ್ತು. ಎಡಗೈ ಸೊಂಟದ ಮೇಲಿತ್ತು, ಬಲಗೈಯಲ್ಲಿ ತಗಡಿತ್ತು, ಬಲಗಾಲು ಪೆಡಲಿನ ಮೇಲಿತ್ತು.

ಬಾಗಿಲಲ್ಲೇ ನಿಂತೆ. ಕೂಗೋಣವೆಂದರೆ ಬೆಚ್ಚಿಬಿದ್ದು ಪೆಡಲ್ ಒತ್ತಿಬಿಟ್ಟಾಳು. ಮೈನ್ ಸ್ವಿಚ್ ಆರಿಸಿದರೂ ಆ ಚಕ್ರ ಒಂದು ನಿಮಿಷ ತನ್ನಷ್ಟಕ್ಕೆ ತಿರುಗುತ್ತಲೇ ಇರುತ್ತದೆ, ಆ ನಿಮಿಷದಲ್ಲೂ ಪೆಡಲ್ ಒತ್ತಿದರೆ ಕಬ್ಬಿಣ ಬಿದ್ದೇ ಬೀಳುತ್ತದೆ. ಅವಳ ಕಣ್ಣಿಗೆ ಕಾಣುವಂತೆ ಎದುರಿನಿಂದ ಮೆಲ್ಲಗೆ ನಡೆದೆ. ಹತ್ತು ಹೆಜ್ಜೆಯೂ ಇರಲಿಲ್ಲ, ಆದರೆ ಮುಗಿಯಲೇ ಇಲ್ಲ.

"ಕಾಲು ತೆಗಿ," ಎಂದೆ. "ಮೊದ್ಲು ಪೆಡಲ್ ಮೇಲಿಂದ ಕಾಲು ತೆಗಿ."

"ಸುಮ್ನಿರೇ, ರೀಲ್ಸ್ ಮಾಡ್ತಿದೀನಿ. ಅವಳು ಮಾಡಿಲ್ವಾ? ಪ್ರೆಸ್ ಮುಟ್ದೇ ಇದ್ದೋಳೇ ಮಾಡಿದ್ಮೇಲೆ, ಹನ್ನೆರಡು ವರ್ಷ ಒತ್ತಿರೋಳು ನಾನು ಮಾಡಕ್ಕಾಗಲ್ವಾ?"

"ಅವಳು ಮಾಡಿಲ್ಲ. ಅದು ನನ್ನ ಕೈ. ಮಿಷಿನ್ ಆಫ್ ಆಗಿತ್ತು."

ಅವಳು ಫೋನನ್ನೂ ನನ್ನನ್ನೂ ನೋಡಿ ನಕ್ಕಳು. "ನಿನ್ನ ಕೈನಾ? ಅಷ್ಟು ಕ್ಲೀನಾಗಿ? ಹೊಟ್ಟೆಕಿಚ್ಚು ಕಣೇ ನಿಂಗೆ." ನನಗೆ ಸಿಟ್ಟು ನೆತ್ತಿಗೇರಿತು. ಅಸಲಿ ಕಾರ್ಮಿಕಳ ಕೈಯನ್ನು ಅಸಲಿ ಕಾರ್ಮಿಕಳೇ ಗುರುತಿಸದಂತೆ ಉಜ್ಜಿದ್ದರಲ್ಲ! ಅಷ್ಟರಲ್ಲಿ ಅವಳು ಪಕ್ಕಕ್ಕೆ ಸರಿದು ನನಗೆ ಜಾಗ ಬಿಟ್ಟಳು. "ನಿಂದೇ ಆಗಿದ್ರೆ ಬಾ, ಒಂದ್ಸಲ ಮಾಡಿ ತೋರ್ಸು. ಆಗ ನಂಬ್ತೀನಿ."

ಚಕ್ರ ತಿರುಗುತ್ತಲೇ ಇತ್ತು. ಮಾಡದಿದ್ದರೆ ನಂಬುವುದಿಲ್ಲ. ನಂಬದಿದ್ದರೆ ನಾನು ಬೆನ್ನು ತಿರುಗಿಸಿದ ಕೂಡಲೇ ಕೈ ಹಾಕುತ್ತಾಳೆ. ಬಲಗೈಯನ್ನು ಪ್ರೆಸ್ಸಿನ ಬಾಯಿಯ ಕಡೆಗೆ ಚಾಚಿದೆ. ಹದಿನಾಲ್ಕು ವರ್ಷ ದುಡಿದ ಆ ಕೈ ಗೇಣು ದೂರದಲ್ಲೇ ನಿಂತು ಗಡಗಡ ನಡುಗತೊಡಗಿತು. "ನನ್ನ ಕೈಲಾಗಲ್ಲ ಕಣೇ," ಎಂದು ಅತ್ತುಬಿಟ್ಟೆ. "ಜಾಲರಿ ಇಲ್ದೆ, ಓಡೋ ಮಿಷಿನ್‌ನಲ್ಲಿ ಯಾರ ಕೈಲೂ ಆಗಲ್ಲ."

ಅವಳು ನನ್ನ ಮುಖ ನೋಡಲಿಲ್ಲ, ಆ ಕೈಯನ್ನೇ ನೋಡಿದಳು. ಹಾಡು ಮುಗಿದು ಮತ್ತೆ ಮೊದಲಿನಿಂದ ಶುರುವಾಯಿತು. ಅವಳು ಸ್ವಿಚ್ ಆರಿಸಿ, ಚಕ್ರ ಪೂರ್ತಿ ನಿಲ್ಲುವವರೆಗೆ ಕಾದು, ನೆಲದ ಮೇಲಿನ ಜಾಲರಿ ಎತ್ತಿಕೊಂಡಳು. ಅದನ್ನು ಜಾಗದಲ್ಲಿಟ್ಟು ಒಂದೊಂದಾಗಿ ನಾಲ್ಕು ಬೋಲ್ಟ್ ಬಿಗಿದಳು. ಸ್ಪಾನರ್ ಹಿಡಿದ ಅವಳ ಬೆರಳುಗಳನ್ನು ನಾನು ಎಣಿಸುತ್ತಾ ನಿಂತಿದ್ದೆ. ಹತ್ತೂ ಇದ್ದವು, ಆದರೂ ಮತ್ತೆ ಎಣಿಸಿದೆ.