ಮುಂಜಾನೆ ಕಾಣೆಯಾಗುವ ಇಂಗಾಲ

ಇನ್ನೂ ಬೆಳಕು ಹರಿದಿಲ್ಲ. ವಿದ್ಯುತ್ ಘಟಕದ ಹಿಂಬದಿಯ ಕಿರುಕೋಣೆಯಲ್ಲಿ, ಎಲ್ಲರೂ ಲೆಕ್ಕದಕ್ಕ ಎಂದು ಕರೆಯುವಾಕೆ ಕಂಪ್ಯೂಟರ್ ಪರದೆಗೆ ಮೂಗು ತಾಗುವಷ್ಟು ಬಾಗಿ ಕುಳಿತಿದ್ದಾಳೆ. ಗೋಡೆಯಾಚೆಯ ಎರಡಾಳೆತ್ತರದ ಉಕ್ಕಿನ ಕೊಳವೆಗೆ ಈಗತಾನೆ ಬೆಂಕಿ ಕೊಟ್ಟಿದ್ದಾರೆ. ಅದರೊಳಗೆ ಕಟ್ಟಿಗೆಯನ್ನು ಪೂರ್ತಿ ಉರಿಯಲು ಬಿಡುವುದಿಲ್ಲ. ಗಾಳಿ ಕಡಿಮೆ ಕೊಟ್ಟು ಉಸಿರುಗಟ್ಟಿಸುತ್ತಾರೆ. ಆಗ ಅದು ಅನಿಲವಾಗುತ್ತದೆ, ಆ ಅನಿಲಕ್ಕೆ ಎಂಜಿನ್ ತಿರುಗುತ್ತದೆ, ಸುತ್ತಲಿನ ಬೀದಿಗಳಲ್ಲಿ ದೀಪ ಹತ್ತುತ್ತದೆ. ಮೇಲಿನಿಂದ ಬುಟ್ಟಿ ಸುರಿಯುವ ಸದ್ದು ಬಂದಾಗಲೆಲ್ಲ ಆಕೆಯ ಬಿಗಿದ ಭುಜಗಳು ಸಡಿಲಾಗುತ್ತವೆ. ಸದ್ದು ತಡವಾದರೆ ಬೆರಳು ಕೀಲಿಮಣೆಯ ಮೇಲೆ ನಿಂತುಬಿಡುತ್ತದೆ.

ಕೊಳವೆಯೊಳಗೆ ನಡೆಯುವುದನ್ನು ಕಣ್ಣಾರೆ ಕಂಡವರಿಲ್ಲ. ಎಷ್ಟು ಕಟ್ಟಿಗೆ, ಎಷ್ಟು ತೇವ, ಎಷ್ಟು ಗಾಳಿ ಹಾಕಿದರೆ ಯಾವ ಅನಿಲ ಎಷ್ಟು ಬರಬೇಕು ಎಂದು ಹೇಳುವ ಗಣಿತದ ಮಾದರಿಯೊಂದನ್ನು ಕಟ್ಟಿ, ದಿನವೂ ನಿಜದ ಪಕ್ಕ ಇಟ್ಟು ತಾಳೆ ನೋಡುವುದು ಆಕೆಯ ಕೆಲಸ. "ಆ ಕಡೆ ಒಂದು ಒಲೆ, ಈ ಕಡೆ ಒಂದು ಒಲೆ. ನಂದು ಕೈ ಸುಡಲ್ಲ, ಅಷ್ಟೇ," ಎನ್ನುತ್ತಾಳೆ. ಘಟಕದ ವಾರ್ಷಿಕೋತ್ಸವದ ಫೋಟೊದಲ್ಲಿ ಎಲ್ಲರೂ ಇದ್ದಾರೆ, ಆಕೆ ಮಾತ್ರ ಇಲ್ಲ. ಕ್ಯಾಮೆರಾ ಆಕೆಯ ಕೈಗೇ ಕೊಟ್ಟಿದ್ದರು.

ತಾಯಿಯಿಲ್ಲದ ಆಕೆಯನ್ನು ಸಾಕಿ ಓದಿಸಿದವರು ಸೋದರತ್ತೆ. ಅವರ ದುಡಿಮೆಯೂ ಇದೇ ಸೂರಿನಡಿ. ಕೊಳವೆಯ ನೆತ್ತಿಯ ಮೇಲಿರುವ ಇಕ್ಕಟ್ಟಿನ ಕೋಣೆಯಲ್ಲಿ ನಿಂತು ಗಂಟೆಗೆ ಎಂಟು ಬುಟ್ಟಿ ಕಟ್ಟಿಗೆ ಸುರಿಯುತ್ತಾರೆ. ಹಿಂದೆ ಆ ಕೆಲಸ ಅತ್ತೆಯ ಗಂಡನದಾಗಿತ್ತು. ಒಂದು ಮುಂಜಾನೆ ಅದೇ ಕೋಣೆಯ ಗೋಡೆಗೆ ಒರಗಿದವರು ಮತ್ತೆ ಏಳಲಿಲ್ಲ. ಹೃದಯ ನಿಂತಿತು ಎಂದರು ಎಲ್ಲರೂ.

ಈ ಚಳಿಗಾಲದಲ್ಲಿ ಆಕೆಯ ಲೆಕ್ಕ ತಪ್ಪತೊಡಗಿತು. ಕೊಳವೆಗೆ ಹೋದ ಇಂಗಾಲ ಅನಿಲವಾಗಿಯೋ ಬೂದಿಯಾಗಿಯೋ ಹೊರಗೆ ಬರಲೇಬೇಕು, ಮಾಯವಾಗುವಂತಿಲ್ಲ. ಆದರೆ ಬೆಂಕಿ ಕೊಟ್ಟ ಹೊತ್ತಿನಲ್ಲಿ ನೂರಕ್ಕೆ ಎರಡು ಪಾಲು ಸಿಗುತ್ತಿರಲಿಲ್ಲ. ಬಿಸಿಲೇರಿದ ಮೇಲೆ ಎಲ್ಲ ಸರಿಹೋಗುತ್ತಿತ್ತು. ಇಂಥ ಕೊರತೆಯನ್ನು ಉಳಿದ ಅನಿಲಗಳ ತಲೆಗೆ ಹಂಚಿ ನೂರು ಮಾಡಿಬಿಡುವುದು ಮಾದರಿ ಕಟ್ಟುವವರ ರೂಢಿ. ಪ್ರೋಗ್ರಾಮ್ ಅದನ್ನು ಸದ್ದಿಲ್ಲದೆ ಮಾಡುತ್ತಿತ್ತು. ಆಕೆ ಆ ಸಾಲನ್ನು ಅಳಿಸಿ, ಸಿಗದ ಇಂಗಾಲಕ್ಕೇ ಒಂದು ಕಾಲಂ ಮಾಡಿದಳು.

"ಏನಮ್ಮಾ, ದೆವ್ವಕ್ಕೂ ಕಾಲಂ ಹಾಕಿದ್ದೀಯಾ?" ಮ್ಯಾನೇಜರ್ ಚುಡಾಯಿಸಿದರು. "ಅಳತೆ ತಪ್ಪಿರುತ್ತೆ, ಬಿಡು."

"ಅಳತೆ ತಪ್ಪಿದ್ರೆ ಒಂದಿನ ಜಾಸ್ತಿ, ಒಂದಿನ ಕಮ್ಮಿ ಬರಬೇಕಲ್ವಾ ಸಾರ್? ಇದು ದಿನಾ ಕಮ್ಮೀನೇ. ದಿನಾ ಅದೇ ಹೊತ್ತಿಗೆ."

ಅದೇ ವಾರ ಒಂದು ಸಂಜೆ, ಟೀ ಸೋಸುತ್ತಾ ಅತ್ತೆ ತಣ್ಣಗೆ ಹೇಳಿದರು: "ನಿಮ್ಮ ಮಾವ ಬರ್ತಾರೆ ಕಣೇ. ಚಳಿ ಅಂತ ಕಿಟಕಿ ಮುಚ್ಚಿದಾಗಿಂದ. ಬೆನ್ನ ಹಿಂದೆ ನಿಂತ್ಕೋತಾರೆ."

"ತಿರುಗಿ ನೋಡಿದ್ರಾ?"

"ಯಾಕೆ ನೋಡ್ಲಿ? ನೋಡಿದ್ರೆ ಹೋಗಿಬಿಟ್ರೆ? ಬಿಸಿಲು ಬಂದ್ರೆ ತಾವೇ ಹೋಗ್ತಾರೆ."

"ಏನಾದ್ರೂ ಅಂತಾರಾ ಅತ್ತೆ?"

"'ಸುಸ್ತಾಗಿದ್ದೀಯ, ಸ್ವಲ್ಪ ಒರಗು' ಅಂತಾರೆ. ಬದುಕಿದ್ದಾಗ ಒಂದು ದಿನ ಅಂದಿದ್ರೆ ಕೇಳು!" ಅತ್ತೆ ನಕ್ಕು, ಹಣೆಯನ್ನು ಅಂಗೈಯಿಂದ ಒತ್ತಿಕೊಂಡರು. ಈಚೆಗೆ ಅವರಿಗೆ ತಲೆನೋವು ಬಿಟ್ಟಿರಲಿಲ್ಲ.

ಮರುದಿನ ಮುಂಜಾನೆ ಸಿಗದ ಇಂಗಾಲದ ಗೆರೆ ಪರದೆಯಲ್ಲಿ ಎಂದಿನಂತೆ ಏರತೊಡಗಿತು. ಅತ್ತೆಯ ಮಾತು ಮತ್ತು ಪರದೆಯ ಗೆರೆ ಎರಡೂ ಒಂದೇ ಹೊತ್ತನ್ನು ಹೇಳುತ್ತಿವೆ ಎಂದು ಆಕೆಗೆ ಹೊಳೆದದ್ದು ಆಗ. ತಲೆಯೆತ್ತಿ ಆಲಿಸಿದಳು. ಬುಟ್ಟಿಯ ಸದ್ದಿಲ್ಲ.

ಮೇಲಿನ ಕೋಣೆಯಲ್ಲಿ ಅತ್ತೆ ಗೋಡೆಗೆ ಒರಗಿದ್ದರು. ತುಟಿಯಲ್ಲಿ ನಗು. ಪಕ್ಕದಲ್ಲಿ ಇನ್ನೊಬ್ಬರು ಕೂರುವಷ್ಟು ಜಾಗ ಬಿಟ್ಟು, ಆ ಕಡೆಗೇ ವಾಲಿಕೊಂಡಿದ್ದರು. ಆಕೆ ಕಿಟಕಿ ಒಡೆದು, ಅವರ ಕಂಕುಳಿಗೆ ಕೈಹಾಕಿ ಮೆಟ್ಟಿಲಿಗೆ ಎಳೆದು ತಂದಳು. ಎಳೆಯುವಾಗ ಅತ್ತೆ ಕಣ್ಣು ಬಿಡದೆ ಗೊಣಗಿದ್ದು ಒಂದೇ ಮಾತು: "ಇರೇ, ಅವರು ಬರ್ಲಿ."

ಕೊಳವೆಯ ಮುಚ್ಚಳದ ಅಂಚಿನಲ್ಲಿ ಕೂದಲೆಳೆಯಷ್ಟು ಬಿರುಕಿತ್ತು. ಉಕ್ಕು ಕಾದು ಹಿಗ್ಗಿದರೆ ತಾನೇ ಕೂಡಿಕೊಳ್ಳುತ್ತಿತ್ತು. ತಣ್ಣಗಿದ್ದಾಗ ಅಲ್ಲಿಂದ ಇಂಗಾಲದ ವಿಷಾನಿಲ ಕಾರ್ಬನ್ ಮಾನಾಕ್ಸೈಡ್ ಸೋರುತ್ತಿತ್ತು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಜೊತೆಗೆ ಬರುವ ಹೊಗೆಯ ವಾಸನೆ ಘಟಕದ ತುಂಬ ಇದ್ದದ್ದೇ. ತಲೆಗೇರಿದರೆ ಇಲ್ಲದವರು ಇದ್ದಂತೆ ಅನಿಸುತ್ತದೆ. ಆಮೇಲೆ ನಿದ್ದೆ ಬರುತ್ತದೆ. ಸೋರಿಕೆ ಹಿಡಿಯುವ ಯಂತ್ರ ಇದ್ದದ್ದು ಕೆಳಗೆ, ಎಂಜಿನ್ ಪಕ್ಕದಲ್ಲಿ ಮಾತ್ರ.

ಈಗ ಮುಚ್ಚಳ ಹೊಸದು. ಮೇಲೂ ಒಂದು ಯಂತ್ರ ಕೂತಿದೆ. ಕಿಟಕಿಗೆ ಬಾಗಿಲೇ ಇಲ್ಲ. ಮ್ಯಾನೇಜರ್ ಚುಡಾಯಿಸುವುದನ್ನು ಬಿಟ್ಟಿದ್ದಾರೆ. "ಮಾವಂದು ಹೃದಯವೇ ಇರಬಹುದು," ಎನ್ನುತ್ತಾಳೆ ಲೆಕ್ಕದಕ್ಕ, ಪರದೆಯಿಂದ ಕಣ್ಣು ತೆಗೆಯದೆ. "ಆಗ ಇಂಥದ್ದನ್ನ ಲೆಕ್ಕ ಹಾಕೋರು ಯಾರೂ ಇರ್ಲಿಲ್ಲ."

ಚೇತರಿಸಿಕೊಂಡ ಅತ್ತೆ ಹಟ ಮಾಡಿ ಅದೇ ಕೆಲಸಕ್ಕೆ ಮರಳಿದ್ದಾರೆ. ಮೊದಲ ದಿನ ಕೆಳಗಿಳಿದು ಬಂದು, "ನಿನ್ನ ಲೆಕ್ಕ ಕೂಡ್ತಾ?" ಎಂದು ಕೇಳಿದರು.

"ಕೂಡ್ತು ಅತ್ತೆ."

"ಕೂಡಿಸೋಕೆ ಹೋಗಿ ನೀನು ಅವರನ್ನ ಕಳೆದುಬಿಟ್ಟೆ."

ಅಂದಿನಿಂದ ಅತ್ತೆ ಆಕೆಯೊಂದಿಗೆ ಮಾತು ಬಿಟ್ಟಿದ್ದಾರೆ. ಒಂದೇ ಮನೆ, ಒಂದೇ ಅಡುಗೆ. ತಟ್ಟೆ ಮುಂದಿಟ್ಟು ಮುಖ ತಿರುಗಿಸುತ್ತಾರೆ. ಆಸೆ ಏನಾದರೂ ಇದೆಯೇ ಎಂದು ಕೇಳಿದರೆ ಲೆಕ್ಕದಕ್ಕ ಮೊದಲು ಮೇಲಿನ ಬುಟ್ಟಿಯ ಸದ್ದಿಗೆ ಕಿವಿಗೊಡುತ್ತಾಳೆ.

"ದೊಡ್ಡದೇನಿಲ್ಲ. ಅತ್ತೆ ಒಂದ್ಸಲ ಬಾಯ್ತುಂಬ ಬೈಬೇಕು. ಎಷ್ಟಾದ್ರೂ ಬೈಲಿ. ಬೈಯೋಕೆ ಇದ್ದಾರಲ್ಲ."