ಮೇಸ್ತ್ರಿ ಮಗಳ ಸನ್ನೆ

೧೯೯೮ನೇ ಇಸವಿಯಲ್ಲಿ, ಏಳನೇ ಕ್ಲಾಸಿನ ಪರೀಕ್ಷೆಗೆ ಮೊದಲೇ ನಾನು ಓದು ನಿಲ್ಲಿಸಿದೆ. ಯಾರೂ ಬಿಡಿಸಲಿಲ್ಲ. ನನಗೇ ಬೆಂಚಿಗಿಂತ ಕಟ್ಟಡದ ಸಾರುವೆ ಹಿತವೆನಿಸಿತು. ಇಟ್ಟಿಗೆ ಹೊತ್ತು, ಗಾರೆ ಕಲಸಿ, ಕರಣೆ ಹಿಡಿದು ಮೇಸ್ತ್ರಿಯಾದೆ. ನಂಜನಗೂಡಿನ ಹೊಸ ಬಡಾವಣೆಗಳಲ್ಲಿ ನಾನು ಎಬ್ಬಿಸಿದ ಗೋಡೆಗಳಿಗೆ ಯಾರು ಬೇಕಾದರೂ ತೂಗುಗುಂಡು ಬಿಟ್ಟು ನೋಡಬಹುದು, ಒಂದೂ ವಾಲಿಲ್ಲ. ಈ ಮಾತನ್ನು ನಾನು ದಿನಕ್ಕೊಮ್ಮೆಯಾದರೂ ಹೇಳುತ್ತೇನೆಂದು ಮನೆಯವಳ ದೂರು.

ನಮ್ಮ ಮಗಳಿಗೆ ಹುಟ್ಟಿನಿಂದ ಕಿವಿ ಕೇಳುವುದಿಲ್ಲ. ಮೈಸೂರಿಗೆ ಓಡಾಡಿ ಕಿವಿಗೆ ಮಿಷನ್ ಹಾಕಿಸಿದ್ದಾಯಿತು. ಅವಳು ಅದನ್ನು ಕಿತ್ತು ಹಸುವಿನ ಕಿವಿಗೆ ಸಿಕ್ಕಿಸಿದಳು. ಹಸುವಿಗೂ ಅದು ಒಗ್ಗಲಿಲ್ಲ.

ಸನ್ನೆ ನಮಗೇನೂ ಹೊಸದಲ್ಲ. ಕಾಂಕ್ರೀಟ್ ಮಿಷನ್ ಗುಡುಗುತ್ತಿರುವಾಗ ಸಾರುವೆ ಮೇಲಿಂದ ಕೂಗಿದರೆ ಕೆಳಗಿನವನಿಗೆ ಕೇಳುತ್ತದೆಯೇ? ಅಂಗೈ ಮಗುಚಿದರೆ ಗಾರೆ ಬೇಕು, ಮುಷ್ಟಿ ಎತ್ತಿದರೆ ಹಗ್ಗ ಎಳಿ, ಎರಡೂ ಕೈ ಅಡ್ಡ ಕತ್ತರಿಸಿದರೆ ಸಾಕು, ನಿಲ್ಲಿಸು. ಅವರಮ್ಮನ ಜೊತೆ ಬುತ್ತಿ ತರುತ್ತಿದ್ದ ಮಗಳು ಇದನ್ನೆಲ್ಲ ನೋಡಿ ನೋಡಿಯೇ ಕಲಿತಳು. ಮನೆಯಲ್ಲಿ ಸಾರು ಬೇಕಾದರೆ ಗಾರೆ ಕೇಳುವಳು. ಮುದ್ದೆ ಸಾಕಾದರೆ ಮಿಷನ್ ನಿಲ್ಲಿಸುವಳು. ಮಲಗಿದ ಅಜ್ಜಿಯನ್ನು ಎಬ್ಬಿಸಲು ಹಗ್ಗ ಎಳೆಸುವಳು. ನನಗೋ ಹೆಮ್ಮೆ.

ನಮ್ಮೂರ ಸರ್ಕಾರಿ ಶಾಲೆಗೆ ಸೇರಿಸಿದೆವು. ತಾಲ್ಲೂಕಿನ ಶಾಲೆಗಳಿಗೆಲ್ಲ ಒತ್ತಾಸೆಯಾಗಿರುವ ಕೇಂದ್ರವೊಂದು ನರಸೀಪುರದಲ್ಲಿದೆ, ಬಿಆರ್‌ಸಿ ಅನ್ನುತ್ತಾರೆ. ಇಂಥ ಮಕ್ಕಳಿಗೆಂದೇ ಇರುವ ಟೀಚರಮ್ಮ ಅಲ್ಲಿಂದ ವಾರಕ್ಕೊಮ್ಮೆ ಬಂದು ಸನ್ನೆ ಭಾಷೆ ಕಲಿಸತೊಡಗಿದರು. ತಿಂಗಳಾಗುವಷ್ಟರಲ್ಲಿ ನನ್ನನ್ನು ಕರೆಸಿದರು.

"ನಿಮ್ಮ ಮಗಳು ಕ್ಲಾಸಲ್ಲಿ ಎಲ್ಲರ ಮೇಲೂ ಮೇಸ್ತ್ರಿಕೆ ಮಾಡ್ತಾಳೆ ಸಾರ್. ನಾನು ಪಾಠ ಮಾಡ್ತಿದ್ರೆ ಸಾಕು ನಿಲ್ಸು ಅಂತಾಳೆ."

"ಒಸಿ ಜೋರು ಮೇಡಮ್. ನಮ್ಮಪ್ಪನ ತರ."

"ನಿಮ್ಮಪ್ಪನ ತರ ಅಲ್ಲ, ಅವಳಪ್ಪನ ತರ," ಎಂದು ಟೀಚರಮ್ಮ ನಕ್ಕರು. "ಅವಳ ಸನ್ನೆನೂ ಇರ್ಲಿ, ನಾನೂ ಕಲೀತಿದ್ದೀನಿ. ಆದ್ರೆ ಅದ್ರಲ್ಲಿ ಕೆಲಸ ಮಾಡಿಸ್ಬೋದೇ ಹೊರತು ಕತೆ ಹೇಳಕ್ಕಾಗಲ್ಲ. ಶನಿವಾರ ಅಪ್ಪ ಅಮ್ಮಂದಿರಿಗೂ ಕ್ಲಾಸಿದೆ, ಬನ್ನಿ."

ಮತ್ತೆ ಬೆಂಚಿಗಾ? "ಮನೆಯವಳನ್ನ ಕಳುಸ್ತೀನಿ ಮೇಡಮ್. ಶನಿವಾರ ನಂಗೆ ಆಳುಗಳ ಬಟವಾಡೆ," ಎಂದು ಜಾರಿಕೊಂಡೆ.

ಮನೆಯವಳು ಬೇಗ ಕಲಿತಳು. ತಾಯಿ ಮಗಳ ಕೈಗಳು ಊಟಕ್ಕೆ ಕುಳಿತಾಗಲೂ ಓಡುತ್ತಿದ್ದವು. ನಡುನಡುವೆ ಇಬ್ಬರೂ ನನ್ನ ಕಡೆ ನೋಡಿ ನಗುವರು.

"ಏನಂತೆ?"

"ಏನಿಲ್ಲ ಬುಡಿ."

ಮೊದಮೊದಲು ಮಗಳು ನನಗೂ ಬಂದು ಹೇಳುತ್ತಿದ್ದಳು. ಅರ್ಥವಾಗದಿದ್ದರೂ ನಾನು ಗತ್ತಿನಿಂದ ತಲೆಯಾಡಿಸುತ್ತಿದ್ದೆ. ಒಂದು ದಿನ ಏನೋ ಕೇಳಿದಳು, ಆಡಿಸಿದೆ. ಮನೆಯವಳು ಬಿದ್ದು ಬಿದ್ದು ನಕ್ಕಳು. "ನಿನ್ ಬೈಕ್ ಮಾರಿ ಗಿಣಿ ತರ್ತೀಯ ಅಂತ ಕೇಳುದ್ಲು ಕಣ್ರೀ. ಊಂ ಅಂದ್ರಲ್ಲ!" ಮಗಳು ನಗಲಿಲ್ಲ. ಅಂದಿನಿಂದ ನನಗೆ ಹೇಳುವುದನ್ನೇ ಬಿಟ್ಟಳು. ಅಮ್ಮನಿಗೆ ಕತೆ, ನನಗೆ ಬರೀ ಗಾರೆ, ಹಗ್ಗ, ಸಾಕು.

ಇನ್ನೊಂದು ಸಂಜೆ ಅಳುತ್ತಾ ಬಂದಳು. ಮನೆಯವಳು ಡೈರಿಗೆ ಹಾಲು ಹಾಕಲು ಹೋಗಿದ್ದಳು. ಏನಾಯ್ತೆಂದು ನಾನು ಎರಡೂ ಕೈ ಬೀಸಿ ಬೀಸಿ ಕೇಳಿದೆ. ಅವಳು ಕೈ ಅಡ್ಡ ಕತ್ತರಿಸಿ ಜಗಲಿ ಮೇಲೆ ಅಮ್ಮನಿಗಾಗಿ ಕಾದು ಕುಳಿತಳು. ಎಷ್ಟೋ ಆಳುಗಳನ್ನು ನಾನು ಅದೇ ಸನ್ನೆಯಲ್ಲಿ ನಿಲ್ಲಿಸಿದ್ದೇನೆ. ನನ್ನನ್ನು ಯಾರೂ ಹಾಗೆ ನಿಲ್ಲಿಸಿರಲಿಲ್ಲ.

ಬಟವಾಡೆ ಶುಕ್ರವಾರಕ್ಕೆ ಬಂತು. ಶನಿವಾರ ಮಕ್ಕಳ ಬೆಂಚಿನಲ್ಲಿ ಮಂಡಿ ಹಿಡಿಸದೆ ಅಡ್ಡಡ್ಡ ಕುಳಿತೆ. ಪಾಯದ ಸೈಜುಗಲ್ಲಿನಡಿ ಸಿಕ್ಕಿ ಜಜ್ಜಿಹೋಗಿದ್ದ ನನ್ನ ಬಲ ಹೆಬ್ಬೆರಳು ಮಡಿಸಲು ಬರುವುದಿಲ್ಲ. ಮಗಳು ಟೀಚರಮ್ಮನಿಗಿಂತ ಗಂಭೀರವಾಗಿ ಬಂದು ಅದನ್ನು ಬಗ್ಗಿಸಿ ನೋಡಿ, ತಲೆ ಚಚ್ಚಿಕೊಂಡಳು.

"ಮೇಸ್ತ್ರಿ ಬೆರಳೇ ಮಟ್ಟಕ್ಕಿಲ್ವಲ್ಲ!" ಎಂದಳು ಪಕ್ಕದ ಬೆಂಚಿನ ತಾಯಿಯೊಬ್ಬಳು.

"ಬೆರಳೇನ್ ನೋಡೀಯವ್ವ, ನಂಜನಗೂಡ್ಗೋಗಿ ಗೋಡೆ ನೋಡು."

"ಸುರುವಾಯ್ತು," ಎಂದಳು ಮನೆಯವಳು.

ಮಳೆಗಾಲವೆಲ್ಲ ಹೋದೆ. ಹೋದ ತಿಂಗಳು ಒಂದು ಸಂಜೆ ಮಗಳು ಶಾಲೆಯಿಂದ ಓಡಿ ಬಂದು ಅಮ್ಮನನ್ನು ಹುಡುಕಿದಳು. ಅವಳಿನ್ನೂ ಡೈರಿಯಲ್ಲಿದ್ದಳು. ಮಗಳು ನನ್ನನ್ನು ಮೇಲಿಂದ ಕೆಳಗೆ ನೋಡಿ, ಬೇರೆ ಗತಿಯಿಲ್ಲದವಳಂತೆ ಶುರುಮಾಡಿದಳು. ಪೆನ್ಸಿಲ್ ತಿಳಿಯಿತು, ಹುಡುಗ ತಿಳಿಯಿತು, ಮುಂದಿನದು ತಿಳಿಯಲಿಲ್ಲ. ತಲೆಯಾಡಿಸದೆ, ಇನ್ನೊಂದು ಸಲ ಎಂದು ಸನ್ನೆ ಮಾಡಿದೆ. ಉಸ್ಸೆಂದು ಉಸಿರುಬಿಟ್ಟು ನಿಧಾನವಾಗಿ ಹೇಳಿದಳು. ಮತ್ತೂ ಒಂದು ಸಲ ಹೇಳಿಸಿದೆ. ಹುಡುಗ ಪೆನ್ಸಿಲ್ ಕಿತ್ತುಕೊಂಡ, ಇವಳು ಗುದ್ದಿದಳು, ಟೀಚರಮ್ಮ ಇಬ್ಬರನ್ನೂ ನಿಲ್ಲಿಸಿದರು, ನಿಂತಲ್ಲೇ ಇಬ್ಬರಿಗೂ ನಗು ತಡೆಯಲಾಗಲಿಲ್ಲ. ನಾನೂ ನಕ್ಕೆ, ನಗಬೇಕಾದ ಜಾಗದಲ್ಲೇ.

ಅಷ್ಟರಲ್ಲಿ ಮನೆಯವಳು ಕ್ಯಾನು ಹಿಡಿದು ಬಂದು, ಏನೆಂದು ಕೇಳಿದಳು. ಮಗಳು ಅವಳ ಕಡೆ ತಿರುಗಿಯೂ ನೋಡದೆ ಎರಡು ಕೈ ಅಡ್ಡ ಕತ್ತರಿಸಿ, ನನಗೆ ಕತೆ ಮುಂದುವರಿಸಿದಳು.

ಈಗ ನನಗಿರುವುದು ಆರ್‌ಸಿಸಿ ಮನೆ ಒಂದು, ಹಸು ಎರಡು, ಕಾಂಕ್ರೀಟ್ ಮಿಷನ್ ಒಂದು, ಇನ್ನೂ ಮಾರದ ಬೈಕು ಒಂದು, ಮಗಳು ಒಬ್ಬಳು. ಬರುವ ಸನ್ನೆಗಳು ನನ್ನ ಲೆಕ್ಕದಲ್ಲಿ ಅರವತ್ತು, ಅವಳ ಲೆಕ್ಕದಲ್ಲಿ ನಲವತ್ತು.